ಮಗನ ಹಾಡು, ತಂದೆಯ ಕಲ್ಲು

ತುಂಗಭದ್ರೆಯ ದಂಡೆಯಲ್ಲಿ ಕತೆಗಳಿಗೆ ಬರವಿಲ್ಲ. ಆನೆಗೊಂದಿಯ ಕಡೆಗೆ ಹೊರಳಿದರೆ ವಾಲಿ ಸುಗ್ರೀವರ ಕಿಷ್ಕಿಂಧೆ, ಹಂಪಿಯ ಕಡೆಗೆ ಬಂದರೆ ಕೃಷ್ಣದೇವರಾಯನ ಸಿರಿ. ಒಂದನ್ನು ಪುರಾಣಿಕರು ನೋಡಿಕೊಂಡಿದ್ದಾರೆ, ಇನ್ನೊಂದನ್ನು ಮೇಷ್ಟರೂ ಗೈಡುಗಳೂ ನೋಡಿಕೊಂಡಿದ್ದಾರೆ. ಇವೆರಡರ ನಡುವೆ, ಪುರಾಣಕ್ಕೆ ಪೂರ್ತಿ ಸೇರದೆ ಚರಿತ್ರೆಗೆ ಪೂರ್ತಿ ಸಿಕ್ಕದೆ ಉಳಿದವನು ಕಂಪ್ಲಿಯ ದೊರೆ ಕಂಪಿಲರಾಯನ ಮಗ. ಕಂಪ್ಲಿ, ದರೋಜಿ, ಸಂಡೂರು, ಹೊಳೆಯಾಚೆಯ ಕುಮ್ಮಟ, ಈ ಸುತ್ತಿನ ಹಳ್ಳಿಗಳಲ್ಲಿ ಗಂಡುಗಲಿ ಕುಮಾರರಾಮ ಎಂದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ. ಪಟ್ಟವೇರದ ಈ ರಾಜಕುಮಾರನಿಗೆ ಗುಡಿಗಳಿವೆ, ಕಾವ್ಯಗಳಿವೆ, ರಾತ್ರಿಗಟ್ಟಲೆ ಸಾಗುವ ಹಾಡಿದೆ. 2006ರಲ್ಲಿ ಶಿವರಾಜ್‌ಕುಮಾರ್ ಅಭಿನಯದ ಸಿನಿಮಾವೂ ಬಂತು. ಇಲ್ಲದಿರುವುದು ಒಂದೇ. ಕಂಪಿಲ ರಾಜ್ಯದ ಪತನವನ್ನು ಬರೆದಿಟ್ಟ ದಿಲ್ಲಿ ಕಡೆಯ ಬರಹಗಾರರ ಪುಟಗಳಲ್ಲಿ ಅವನ ಹೆಸರಿಲ್ಲ.

ಹೆಸರಿಲ್ಲದ ಆ ಜಾಗದಲ್ಲೇ ಹಾಡು ಬೇರುಬಿಟ್ಟಿತು. ಕುಮಾರರಾಮ ನಿಜವಾಗಿ ಇದ್ದನೇ ಎಂದು ಕೇಳಿ ಹೌದು ಇಲ್ಲಗಳಲ್ಲಿ ಮುಗಿಸಿಬಿಡಬಹುದು. ಆದರೆ ಆ ಅವಸರದಲ್ಲಿ ಸಿಗುವುದು ಕಡಿಮೆ. ಹಾಡನ್ನು ಹಾಡಾಗಿ ಕೇಳಿ, ಚರಿತ್ರೆಯನ್ನು ಚರಿತ್ರೆಯಾಗಿ ಓದಿ, ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸೊಗಸಾದ ಕೊಡುಕೊಳ್ಳುವಿಕೆ ಕಣ್ಣಿಗೆ ಬೀಳುತ್ತದೆ. ಚರಿತ್ರೆಯಲ್ಲಿ ಒಬ್ಬನ ತಲೆಯ ಮೇಲಿದ್ದ ಕಿರೀಟವನ್ನು ಹಾಡು ಸದ್ದಿಲ್ಲದೆ ತೆಗೆದು ಇನ್ನೊಬ್ಬನ ತಲೆಯ ಮೇಲೆ ಇಟ್ಟಿದೆ.

ಮೊದಲು ಹಾಡು. ಕಂಪಿಲರಾಯನಿಗೂ ಹರಿಹರದೇವಿಗೂ ದೇವರ ವರದಿಂದ ಹುಟ್ಟಿದ ಮಗ ರಾಮನಾಥ. ವರ ಕೊಟ್ಟವನು ಮೊಳಕಾಲ್ಮುರು ಸೀಮೆಯ ಬೆಟ್ಟದ ಜಟಿಂಗ ರಾಮೇಶ್ವರ. ಅಶೋಕನ ಶಾಸನ ಕೊರೆದಿರುವ ಬೆಟ್ಟವೂ ಅದೇ. ಮಗು ಬೆಳೆಯುತ್ತದೆ, ಗೆಳೆಯರು ಕೂಡಿಕೊಳ್ಳುತ್ತಾರೆ, ಬೇರೆ ತಾಯಿಯ ಮಗನಾದ ಕಾಟಣ್ಣ ಒಡಹುಟ್ಟಿದವನಿಗಿಂತ ಹತ್ತಿರದವನಾಗುತ್ತಾನೆ. ಬೊಲ್ಲನೆಂಬ ಕುದುರೆ ಬರುತ್ತದೆ. ಈ ಹಾಡಿನಲ್ಲಿ ಕುದುರೆ ಬರಿಯ ವಾಹನವಲ್ಲ, ಅದಕ್ಕೂ ಪಾತ್ರವಿದೆ, ಅದಕ್ಕೂ ಮಾನವಿದೆ. ಪರರ ಹೆಣ್ಣು ತನಗೆ ತಂಗಿ ಎಂಬುದು ರಾಮನ ವ್ರತ. ಪರನಾರಿ ಸಹೋದರ ಎಂಬ ಬಿರುದು ಆಗಲೇ ಅವನ ಬೆನ್ನ ಮೇಲೆ ಏರಿ ಕುಳಿತಿರುತ್ತದೆ. ಕತೆ ಕೇಳಿ ಬಲ್ಲವರಿಗೆ ಆಗಲೇ ಎದೆ ಹಿಡಿದಂತಾಗುತ್ತದೆ. ನಮ್ಮ ಕತೆಗಳಲ್ಲಿ ವ್ರತ ತೊಟ್ಟವನನ್ನು ಸುಮ್ಮನೆ ಬಿಟ್ಟದ್ದುಂಟೇ?

ರತ್ನಾಜಿ ಬರುತ್ತಾಳೆ. ರಾಮನಿಗೆಂದು ನೋಡಿದ ಹೆಣ್ಣನ್ನು ಮುದಿ ಕಂಪಿಲನೇ ಮದುವೆಯಾದನೆಂದು ಕತೆ. ನಮ್ಮ ಜನಪದ ಕವಿಯ ದೊಡ್ಡತನ ಇಲ್ಲಿ ಕಾಣುತ್ತದೆ. ರತ್ನಾಜಿಯನ್ನು ಅವನು ಬರಿಯ ಕೆಟ್ಟ ಹೆಂಗಸಾಗಿ ಬರೆಯಬಹುದಿತ್ತು. ಬರೆಯುವ ಮೊದಲು ಅವಳಿಗಾದ ಮೋಸವನ್ನು ನಮ್ಮ ಮುಂದಿಡುತ್ತಾನೆ. ಮಗನ ವಯಸ್ಸಿಗೆ ಒಪ್ಪುವ ಹುಡುಗಿ ತಂದೆಯ ಅರಮನೆಗೆ ಬಂದು ಸೇರಿದ್ದಾಳೆ. ಮುಂದೆ ಅವಳು ಮಾಡುವುದನ್ನು ಯಾರೂ ಒಪ್ಪುವುದಿಲ್ಲ. ಆದರೆ ಅವಳು ಅಲ್ಲಿಗೆ ಬಂದದ್ದು ಹೇಗೆಂಬುದನ್ನು ಕೇಳುಗರು ಮರೆಯದಂತೆ ಹಾಡು ನೋಡಿಕೊಳ್ಳುತ್ತದೆ.

ಆಮೇಲೆ ಆ ಚೆಂಡಾಟ. ಗೆಳೆಯರ ನಡುವೆ ಆಟ ಕಾವೇರಿದೆ. ರಾಮ ಹೊಡೆದ ಚೆಂಡು ಗೋಡೆ ಹಾರಿ ರತ್ನಾಜಿಯ ಅಂಗಳಕ್ಕೆ ಬೀಳುತ್ತದೆ. ಆಳನ್ನು ಕಳಿಸಿದರೆ ಅವಳು ಕೊಡುವುದಿಲ್ಲ, ಅವನೇ ಬರಲಿ ಎನ್ನುತ್ತಾಳೆ. ಒಂದು ರಾಜ್ಯದ ಅಳಿವನ್ನು ಹೀಗೊಂದು ಚೆಂಡಿನ ಮೇಲೆ ನಿಲ್ಲಿಸಲು ಎಂಥ ಧೈರ್ಯ ಬೇಕು! ಹಾಡುವವರು ಇಲ್ಲಿ ಅವಸರ ಮಾಡುವುದಿಲ್ಲ. ಚೆಂಡಿನ ಅಂದ, ಆಟದ ಗದ್ದಲ, ಹೊಡೆತದ ರಭಸ, ಗೋಡೆಯ ಎತ್ತರ ಎಲ್ಲವನ್ನೂ ಸಾವಕಾಶವಾಗಿ ಹೇಳುತ್ತಾರೆ. ಮುಂದೇನಾಗುತ್ತದೆ ಎಂಬುದು ಕೇಳುವವರಿಗೆ ಗೊತ್ತಿದೆ, ಆಡುವ ಹುಡುಗರಿಗೆ ಮಾತ್ರ ಗೊತ್ತಿಲ್ಲ. ಆ ಗೊತ್ತಿರುವಿಕೆಯ ಸಂಕಟವನ್ನು ಇನ್ನೊಂದಿಷ್ಟು ಹೊತ್ತು ಎಳೆಯುವುದೇ ಹಾಡುಗಾರನ ಹದ. ಚೆಂಡು ಗೋಡೆ ದಾಟುವಾಗ ಕುಳಿತವರಲ್ಲಿ ಯಾರಾದರೂ 'ಅಯ್ಯೋ' ಎನ್ನದಿದ್ದರೆ ಆ ರಾತ್ರಿಯ ಹಾಡು ಸೋತಿತೆಂದೇ ಅರ್ಥ.

ರಾಮ ಒಳಗೆ ಹೋಗುತ್ತಾನೆ. ಅವಳು ಕೇಳುತ್ತಾಳೆ, ಇವನು ತಾಯಿ ಎನ್ನುತ್ತಾನೆ. ಕೈ ಕೊಸರಿಕೊಂಡು ಹೊರಬರುತ್ತಾನೆ. ಸಂಜೆಗೆ ದೂರು ಕಂಪಿಲನ ಕಿವಿಗೆ ಬೀಳುತ್ತದೆ. ಮಗನ ಮಾತು ಕೇಳುವ ತಾಳ್ಮೆ ತಂದೆಗಿಲ್ಲ, ತಲೆ ತೆಗೆಯಿರಿ ಎಂದು ಅಪ್ಪಣೆಯಾಗುತ್ತದೆ. ಆಗ ಮುಂದೆ ಬರುವವನು ಮಂತ್ರಿ ಬೈಚಪ್ಪ. ರಾಮನನ್ನು ನೆಲಮನೆಯಲ್ಲಿ ಅಡಗಿಸಿ, ಅವನನ್ನೇ ಹೋಲುವ ಇನ್ನೊಬ್ಬನ ತಲೆಯನ್ನು ರಾಜನ ಮುಂದಿಡುತ್ತಾನೆ. ತಂದೆ ನಂಬುತ್ತಾನೆ. ಹೆತ್ತ ಮಗನ ಮುಖವನ್ನೇ ಗುರುತಿಸದಷ್ಟು ಕುರುಡಾದ ತಂದೆ! ಇಡೀ ಕತೆಯಲ್ಲಿ ಕಂಪಿಲನನ್ನು ಇಷ್ಟು ಕಡುವಾಗಿ ತೂಗುವ ಗಳಿಗೆ ಇನ್ನೊಂದಿಲ್ಲ. ಹಾಡು ಅವನನ್ನು ಬೈಯುವುದೇ ಇಲ್ಲ. ಆ ತಲೆಯನ್ನು ಅವನ ಮುಂದೆ ಇಟ್ಟು ಸುಮ್ಮನಾಗುತ್ತದೆ.

ರಾಮ ಸತ್ತನೆಂಬ ಸುದ್ದಿ ದಿಲ್ಲಿಗೆ ಮುಟ್ಟಿ ದಂಡು ಬರುತ್ತದೆ. ಕೋಟೆ ಬೀಳುವ ಹೊತ್ತಿಗೆ ನೆಲಮನೆಯ ಬಾಗಿಲು ತೆರೆಯುತ್ತದೆ. ಸತ್ತವನು ಬೊಲ್ಲನ ಮೇಲೇರಿ ಬಂದಾಗ ಶತ್ರುಗಳಿಗಿಂತ ಹೆಚ್ಚು ಬೆಚ್ಚುವವನು ತಂದೆಯೇ. ಸತ್ಯ ಹೊರಬೀಳುತ್ತದೆ, ರತ್ನಾಜಿ ಜೀವ ಕಳೆದುಕೊಳ್ಳುತ್ತಾಳೆ, ದಂಡು ಹಿಂದೆ ಸರಿಯುತ್ತದೆ. ಮಾಮೂಲಿ ಕತೆಯಾಗಿದ್ದರೆ ಇಲ್ಲಿಗೆ ಮಂಗಳ. ಆದರೆ ಈ ಕತೆಗೆ ಬೇಕಾದದ್ದು ಗೆಲುವಲ್ಲ. ಗಂಡಸರ ಕೈಯಲ್ಲಿ ಆಗದ ಕೆಲಸಕ್ಕೆ ದಿಲ್ಲಿಯವರು ಮಾತಂಗಿ ಎಂಬ ವೀರ ಹೆಣ್ಣನ್ನು ಕಳಿಸುತ್ತಾರೆ. ಹೆಣ್ಣಿನ ಮೇಲೆ ಕೈಯೆತ್ತದವನು ಹೆಣ್ಣಿನ ಕೈಯಲ್ಲೇ ಸಾಯುತ್ತಾನೆ.

ಕತೆಯ ಕಟ್ಟಡದ ಚೆಲುವು ಇಲ್ಲಿ ಪೂರ್ತಿ ಕಾಣುತ್ತದೆ. ಒಂದೇ ವ್ರತ ಅವನನ್ನು ಎರಡು ಸಲ ಕೊಲ್ಲುತ್ತದೆ. ಮೊದಲ ಸಲ ಅರಮನೆಯ ಒಳಗೆ, ಪ್ರೀತಿಸಿದ ಹೆಣ್ಣಿನಿಂದ. ಎರಡನೆಯ ಸಲ ರಣರಂಗದಲ್ಲಿ, ಕೊಲ್ಲಬಂದ ಹೆಣ್ಣಿನಿಂದ. ಮೊದಲನೆಯದು ಸುಳ್ಳು ಸಾವು, ಎರಡನೆಯದು ನಿಜ. ಮೊದಲು ಸುಳ್ಳು ತಲೆಯೊಂದು ತಂದೆಯ ಮುಂದೆ, ಕೊನೆಗೆ ನಿಜವಾದ ತಲೆ ದಿಲ್ಲಿಯ ಸುಲ್ತಾನನ ಮುಂದೆ. ಇಂಥ ಜೋಡಣೆಯನ್ನು ಯಾವ ಒಬ್ಬ ಕವಿಯೂ ಕುಳಿತು ಯೋಜಿಸಿರಲಾರ. ತಲೆಮಾರುಗಳ ಬಾಯಲ್ಲಿ ಉರುಳಿ ಉರುಳಿ, ಬೇಡದ ಮೂಲೆಗಳೆಲ್ಲ ಸವೆದು, ಹೊಳೆಯ ಕಲ್ಲಿನ ಹಾಗೆ ದುಂಡಗಾಗಿದೆ ಇದು. ಕೆಲವು ಗುಡಿಗಳಲ್ಲಿ ಕುಮಾರರಾಮನಿಗೆ ಪೂಜೆ ಸಲ್ಲುವುದೇ ತಲೆಯ ರೂಪದಲ್ಲಿ ಎಂಬುದನ್ನು ಇದರ ಜೊತೆ ಇಟ್ಟು ನೋಡಬೇಕು. ಕತೆಯಲ್ಲಿ ಎರಡು ಸಲ ಕತ್ತರಿಸಿದ ತಲೆಯನ್ನು ಭಕ್ತರು ಮತ್ತೆ ಪೀಠದ ಮೇಲೆ ಎತ್ತಿ ಇಟ್ಟಿದ್ದಾರೆ.

ಈ ಹಾಡನ್ನು ನಮ್ಮ ಕಾಲದವರೆಗೆ ತಂದು ಮುಟ್ಟಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ದರೋಜಿ ಈರಮ್ಮನವರದು. ಸಂಡೂರು ತಾಲ್ಲೂಕಿನ ದರೋಜಿಯ ಬುಡ್ಗ ಜಂಗಮ ಸಮುದಾಯದ ಈ ತಾಯಿ ಅಕ್ಷರ ಕಲಿತವರಲ್ಲ. ಆದರೆ ಬುರ್ರಕತೆಯ ಹತ್ತಾರು ಕಾವ್ಯಗಳು ಅವರ ಗಂಟಲಲ್ಲಿದ್ದವು, ಕುಮಾರರಾಮನದು ಅವುಗಳಲ್ಲೊಂದು. ಕನ್ನಡ ವಿಶ್ವವಿದ್ಯಾಲಯದ ವಿದ್ವಾಂಸರು ಆ ಹಾಡುಗಳನ್ನು ಬರಹಕ್ಕಿಳಿಸಿದರು. ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನೂ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಅಚ್ಚಾದ ಪುಟದಲ್ಲಿ ಕತೆ ಉಳಿಯುತ್ತದೆ, ಪದಗಳೂ ಉಳಿಯುತ್ತವೆ. ಉಳಿಯದಿರುವುದು ಬುರ್ರಕತೆಯ ಮೈ. ಹೆಗಲಿಗೆ ಆನಿಸಿಕೊಂಡ ತಂಬೂರಿ, ಹೆಜ್ಜೆಗೆ ತಕ್ಕ ಗೆಜ್ಜೆ, ಮುಮ್ಮೇಳದವರು ಒಂದು ಸಾಲು ಎತ್ತಿದರೆ ಹಿಮ್ಮೇಳದವರು ಅದನ್ನು ಹಿಡಿದು ಮೇಲಕ್ಕೊಯ್ದು ಮತ್ತೆ ಅವರ ಕೈಗಿಡುವ ರೀತಿ. ಹಾಡು ನಿಲ್ಲಿಸಿ ಮಾತಿಗಿಳಿಯುವುದು, ಮಾತು ಬಿಸಿಯಾದಾಗ ತಾನಾಗಿ ಹಾಡಿಗೇರುವುದು. ತೆಲುಗು ಮನೆಮಾತಿನವರ ನಾಲಿಗೆಯಲ್ಲಿ ಕನ್ನಡ ಪಡೆಯುವ ಒಂದು ವಿಶೇಷವಾದ ಇಂಪೂ ಅದರಲ್ಲಿ ಸೇರಿದೆ. ಗಡಿನಾಡಿನ ದೊರೆಯ ಕತೆಯನ್ನು ಹೇಳಲು ಎರಡು ಭಾಷೆಯ ಗಡಿಯಲ್ಲಿ ನಿಂತ ಕಂಠವೇ ಸಿಕ್ಕಿತು.

ದರೋಜಿಗೆ ಇನ್ನೊಂದು ಸಂಬಂಧವೂ ಇದೆ. ಈಗ ಕರಡಿಧಾಮದಿಂದ ಹೆಸರಾದ ಈ ಸೀಮೆ ಶಾಸನಗಳ ದೊರವಡಿ. ಹೊಯ್ಸಳ ಮೂರನೆಯ ಬಲ್ಲಾಳನಿಗೂ ಕಂಪಿಲನಿಗೂ ಕಾದಾಟ ನಡೆದದ್ದು ಇದರ ಆಸುಪಾಸಿನಲ್ಲೇ. ಏಳುನೂರು ವರ್ಷಗಳ ಹಿಂದೆ ಕಂಪಿಲನ ಸೇನೆ ತುಳಿದ ನೆಲದಲ್ಲೇ ಕುಳಿತು ಈರಮ್ಮ ಅವನ ಮಗನನ್ನು ಹಾಡಿದರು.

ಹಾಡು ಒಂದೇ ಊರಲ್ಲಿ ನಿಲ್ಲಲಿಲ್ಲ. ರಾಜ್ಯ ಅಳಿದು 200 ವರ್ಷವಾಗುವ ಹೊತ್ತಿಗೆ, ಸುಮಾರು 1525ರಲ್ಲಿ, ಬಹುದೂರದ ಚೆಂಗಾಳ್ವ ಸೀಮೆಯಲ್ಲಿ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದ. ಮುಂದೆ ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಮೊದಲಾದವರು ಮತ್ತೆ ಮತ್ತೆ ಬರೆದರು. ಸಾಂಗತ್ಯವೆಂದರೆ ಓದಲು ಬರೆದದ್ದಾದರೂ ಬಾಯಿಬಿಟ್ಟು ಹಾಡಿದರೇ ಒಪ್ಪುವ ಮಟ್ಟು. ಹೀಗೆ ಪಂಡಿತನ ಓಲೆಗೂ ಜಂಗಮನ ತಂಬೂರಿಗೂ ನಡುವೆ ಈ ಕತೆ ಓಡಾಡಿಕೊಂಡೇ ಇತ್ತು. ಜಿ. ವರದರಾಜರಾವ್ ಅವರು ಈ ಕಾವ್ಯಗಳನ್ನೆಲ್ಲ ಒಟ್ಟಿಗಿಟ್ಟು ಅಭ್ಯಾಸ ಮಾಡಿದ್ದರಿಂದ, ಒಂದೇ ಕತೆ ಕವಿಯಿಂದ ಕವಿಗೆ ಹೇಗೆ ಬಣ್ಣ ಬದಲಿಸುತ್ತದೆ ಎಂದು ನೋಡುವ ಸುಖ ನಮಗೆ ಒದಗಿದೆ.

ಇಲ್ಲಿ ಚರಿತ್ರಕಾರ ಕೆಮ್ಮುತ್ತಾನೆ. ಕೆಮ್ಮಲು ಅವನಿಗೆ ಕಾರಣವಿದೆ. ಮಲತಾಯಿ ಬಯಸುವುದು, ಮಗ ಒಲ್ಲೆನ್ನುವುದು, ಸುಳ್ಳು ದೂರು, ತಂದೆಯ ಆತುರ, ಇದು ಕಂಪ್ಲಿಯೊಂದರ ಸೊತ್ತಲ್ಲ. ಅಶೋಕನ ಮಗ ಕುಣಾಲನ ಕಣ್ಣು ಹೋದದ್ದು ಇದೇ ಕತೆಯಲ್ಲಿ. ಪಂಜಾಬಿನ ಪೂರಣ ಭಗತನನ್ನು ಬಾವಿಗೆ ತಳ್ಳಿದ್ದೂ ಇದೇ. ಗ್ರೀಕರ ಹಿಪ್ಪೊಲಿಟಸ್ ಸತ್ತದ್ದೂ ಇದರಿಂದಲೇ. ತೀರ ಹತ್ತಿರದ ನೆಂಟ ತೆಲುಗಿನ ಸಾರಂಗಧರ. ನನ್ನಯನಿಗೆ ಆಶ್ರಯ ಕೊಟ್ಟ ರಾಜರಾಜ ನರೇಂದ್ರನ ಮಗನೆಂದು ಅವನನ್ನು ಹೇಳುತ್ತಾರೆ. ಅಲ್ಲಿ ಗೋಡೆ ದಾಟುವುದು ಚೆಂಡಲ್ಲ, ಪಾರಿವಾಳ. ಚಿತ್ರಾಂಗಿಯ ಮಹಡಿಗೆ ಅದು ಹಾರುತ್ತದೆ, ಹುಡುಗ ಹಿಂದೆಯೇ ಹೋಗುತ್ತಾನೆ. ಊರೂರು ಅಲೆಯುವ ಕತೆಯೊಂದು ಒಡೆಯನನ್ನು ಹುಡುಕುತ್ತ ಬಂದು ಕಂಪ್ಲಿಯ ಹುಡುಗನ ಹೆಗಲೇರಿತು ಎಂದು ಚರಿತ್ರಕಾರ ಹೇಳಿದರೆ ಒಪ್ಪೋಣ. ಆದರೆ ರಸಿಕನ ಪ್ರಶ್ನೆ ಆಮೇಲೆ ಶುರುವಾಗುತ್ತದೆ. ಅಲೆಯುವ ಕತೆ ಸಾವಿರ ಬಾಗಿಲು ತಟ್ಟಿರಬೇಕು. ಈ ಮನೆಯವರೇ ಯಾಕೆ ಬಾಗಿಲು ತೆರೆದರು?

ಅದಕ್ಕೆ ಚರಿತ್ರೆಯ ಕಡೆ ಹೊರಳಬೇಕು. ಕಂಪ್ಲಿ ಹಳೆಯ ಊರು. 11ನೆಯ ಶತಮಾನದಲ್ಲಿ ಚಾಲುಕ್ಯರ ಅರಮನೆ ಅಲ್ಲಿತ್ತು, ಅದನ್ನು ಕೆಡವಿದೆವೆಂದು ಚೋಳರ ಶಾಸನಗಳು ಹೇಳಿಕೊಳ್ಳುತ್ತವೆ. ದೇವಗಿರಿಯ ಸೇವುಣರ ಕೈಕೆಳಗಿನ ಸರದಾರ ಮುಮ್ಮಡಿ ಸಿಂಗೆಯ ನಾಯಕ ಈ ಭಾಗದಲ್ಲಿ ಬೇರೂರಿದ. ಅವನ ಮಗ ಕಂಪಿಲದೇವ. ದೇವಗಿರಿ ದಿಲ್ಲಿಯ ವಶವಾದ ಮೇಲೆ ಕಂಪಿಲ ಯಾರ ಕೈಕೆಳಗೂ ನಿಲ್ಲಲಿಲ್ಲ. ಕುಮ್ಮಟದುರ್ಗ, ಹೊಸಮಲೆದುರ್ಗ ಅವನ ಬಲ. 1323ರಲ್ಲಿ ಓರುಗಲ್ಲು ಬಿತ್ತು. ಅಲ್ಲಿಗೆ ದಿಲ್ಲಿಗೂ ಕಂಪಿಲನಿಗೂ ನಡುವೆ ಉಳಿದದ್ದು ದಿನಗಳ ಲೆಕ್ಕ ಮಾತ್ರ.

ಆ ಲೆಕ್ಕ ಮುಗಿದದ್ದು ಒಬ್ಬ ಅತಿಥಿಯಿಂದ. ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಅವನ ಬಂಧುವೇ ಆದ ಬಹಾಉದ್ದೀನ್ ಗರ್ಷಾಸ್ಪ್ ದಂಗೆ ಎದ್ದ. ಸೋತ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಂಪಿಲನ ಬಳಿಗೆ ಓಡಿಬಂದ. ಒಪ್ಪಿಸು ಎಂದರು, ಕಂಪಿಲ ಒಪ್ಪಿಸಲಿಲ್ಲ. ದಂಡು ಒಮ್ಮೆಗೆ ಮುಗಿಯದೆ ಮತ್ತೆ ಮತ್ತೆ ಬಂತು. ಕುಮ್ಮಟ ಹೋಯಿತು, ಹೊಸಮಲೆಯೊಂದು ಉಳಿಯಿತು. ಕೋಟೆಯಲ್ಲಿ ಕಾಳುಕಡಿ ತೀರಿತು. ಆಗ ಕಂಪಿಲ ಮಾಡಿದ ಮೊದಲ ಕೆಲಸ ಅತಿಥಿಯನ್ನೂ ಅವನ ಮನೆಯವರನ್ನೂ ಹೊಯ್ಸಳ ಬಲ್ಲಾಳನ ದೋರಸಮುದ್ರಕ್ಕೆ ಕಳಿಸಿ ಪಾರುಮಾಡಿದ್ದು. ಎರಡನೆಯದು ದೊಡ್ಡ ಬೆಂಕಿ ಹೊತ್ತಿಸಿದ್ದು. ರಾಣಿವಾಸ ಬೆಂಕಿಗಿಳಿಯಿತು. ಕಂಪಿಲ ಬಾಗಿಲು ತೆರೆದು ಹೋರಾಡುತ್ತ ಸತ್ತ. ಇದು 1327ರ ಮಾತು.

ಇದನ್ನು ಬರೆದಿಟ್ಟವನು ಕಂಪಿಲನ ಆಸ್ಥಾನಕವಿಯಲ್ಲ. ಮೊರಾಕ್ಕೊದಿಂದ ಬಂದು ಅದೇ ತುಘಲಕನ ಸಂಬಳ ತಿಂದ ಇಬ್ನ್ ಬತೂತ. ಪ್ರಭುವಿನ ಶತ್ರುವನ್ನು ಹೊಗಳಿ ಅವನಿಗೆ ಆಗಬೇಕಾದ ಲಾಭವೇನೂ ಇರಲಿಲ್ಲ. ಆದರೂ ಕೊನೆಯ ದಿನ ಆ ರಾಯ ಮೈಗೆ ಗಂಧ ಪೂಸಿಕೊಂಡು ಯುದ್ಧಕ್ಕೆ ಇಳಿದದ್ದನ್ನು ಅವನು ಬರೆಯುತ್ತಾನೆ. ಓದುವಾಗ ದನಿಯಲ್ಲಿ ಗೌರವ ಕೇಳಿಸುತ್ತದೆ. ರಾಯನ 11 ಮಂದಿ ಮಕ್ಕಳು ಸೆರೆಯಾಗಿ, ಮತಾಂತರಗೊಂಡು, ದಿಲ್ಲಿಯಲ್ಲಿ ಅಮೀರರಾದರೆಂದೂ, ಅವರಲ್ಲಿ ಮೂವರನ್ನು ತಾನೇ ಕಂಡೆನೆಂದೂ ಹೇಳುತ್ತಾನೆ. ಒಬ್ಬನ ಕೆಲಸ ಸುಲ್ತಾನ ಕುಡಿಯುವ ನೀರಿನ ಮುದ್ರೆಯನ್ನು ಕಾಯುವುದು. ಕಂಪಿಲನ ಮಗನೊಬ್ಬ ತುಘಲಕನ ನೀರಿನ ಗಡಿಗೆಗೆ ಕಾವಲು ನಿಂತ ಚಿತ್ರವನ್ನು ಯಾವ ಹಾಡುಗಾರನಿಗೂ ಹಾಡಲು ಮನಸ್ಸಾಗಿರಲಾರದು. ಸೆರೆಹೋದ 11 ಮಂದಿಯ ಬದಲು ಸೆರೆಸಿಕ್ಕದ ಒಬ್ಬನನ್ನು ಹಾಡು ಆರಿಸಿಕೊಂಡಿತು.

ಇನ್ನು ಎರಡನ್ನೂ ಪಕ್ಕಪಕ್ಕದಲ್ಲಿ ಇಡೋಣ. ಚರಿತ್ರೆಯಲ್ಲಿ ಕೊಟ್ಟ ಮಾತಿಗಾಗಿ ಅಳಿದವನು ತಂದೆ. ಮನೆಗೆ ಬಂದವನನ್ನು ಒಪ್ಪಿಸಲಾರೆ ಎಂದ ಒಂದು ಮಾತು, ಅದಕ್ಕೆ ತೆತ್ತದ್ದು ರಾಜ್ಯ, ರಾಣಿವಾಸ, ಪ್ರಾಣ. ಹಾಡಿನಲ್ಲಿ ಕೊಟ್ಟ ಮಾತಿಗಾಗಿ ಅಳಿಯುವವನು ಮಗ. ಪರರ ಹೆಣ್ಣನ್ನು ಮುಟ್ಟಲಾರೆ, ಹೆಣ್ಣಿನ ಮೇಲೆ ಕತ್ತಿ ಎತ್ತಲಾರೆ ಎಂದ ಮಾತು. ಸಾಂಗತ್ಯದ ಕತೆಯಲ್ಲೂ ದಿಲ್ಲಿಯಿಂದ ಓಡಿಬಂದ ಬಹಾದೂರ ಬರುತ್ತಾನೆ. ಅವನಿಗೆ ಅಭಯ ಕೊಡುವ ಕೈ ಮಾತ್ರ ಅಲ್ಲಿ ರಾಮನದು. ಕಂಪಿಲನ ಹಿರಿಮೆಯನ್ನೆಲ್ಲ ಹಾಡು ಬಿಚ್ಚಿ ಮಗನಿಗೆ ತೊಡಿಸಿದೆ. ಬರಿಮೈಯಾಗಿ ಉಳಿದ ತಂದೆಗೆ ಎಲ್ಲೆಲ್ಲೋ ಅಲೆಯುತ್ತಿದ್ದ ಮುದಿ ಗಂಡನ ಅಂಗಿ ಸಿಕ್ಕಿತು.

ಯಾಕೆ ಹೀಗೆ? ಒಂದು ರಾಜ್ಯ ಪೂರ್ತಿ ಸುಟ್ಟುಹೋದಾಗ ಉಳಿದ ಜನಕ್ಕೆ ಎರಡು ಸಂಗತಿಗಳು ಬೇಕಾಗುತ್ತವೆ. ಸೋಲಿಗೆ ಒಂದು ಕಾರಣ, ಸೋಲಿನಲ್ಲೂ ಉಳಿದ ಒಂದು ಮಾನ. ಎರಡನ್ನೂ ಒಬ್ಬನೇ ಹೊರುವುದು ಕಷ್ಟ. ಆಶ್ರಯ ಕೊಟ್ಟದ್ದು ಧರ್ಮವೇ ಹೌದು, ಆದರೆ ಆ ಧರ್ಮಕ್ಕೆ ಬೆಂದವರು ಊರವರು. ಅದನ್ನು ಹೊಗಳಲೂ ಆಗದು, ತೆಗಳಲೂ ಆಗದು. ಹಾಡು ಆ ಗಂಟನ್ನು ಬಿಡಿಸಿದ ಬಗೆ ಜಾಣತನದ್ದು. ತಪ್ಪನ್ನು ತಂದೆಯ ಲೆಕ್ಕಕ್ಕೆ ಬರೆಯಿತು, ಮಾನವನ್ನು ಮಗನ ಲೆಕ್ಕಕ್ಕೆ. ಕೋಟೆ ಬಿದ್ದದ್ದು ಮನೆಯೊಳಗಿನ ಅನ್ಯಾಯದಿಂದ ಎಂದಾಯಿತು, ಹೊರಗಿನ ದಂಡು ನೆಪ ಮಾತ್ರವಾಯಿತು. ಅಲೆಯುವ ಕತೆಗೆ ಈ ಮನೆಯವರು ಬಾಗಿಲು ತೆರೆದದ್ದು ಇದಕ್ಕಾಗಿ ಎಂದು ನನಗೆ ತೋರುತ್ತದೆ.

ಪಕ್ಕದ ಬಲ್ಲಾಳನನ್ನು ನೋಡಿದರೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. ಅದೇ ಅತಿಥಿ ಅವನ ಮನೆಗೂ ಬಂದ. ಬಲ್ಲಾಳ ಲೆಕ್ಕ ಹಾಕಿ ಅವನನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ. ಗರ್ಷಾಸ್ಪನ ಚರ್ಮ ಸುಲಿದರು. ಬಲ್ಲಾಳನ ರಾಜ್ಯ ಆಗ ಉಳಿಯಿತು. ಸುಮಾರು ಹದಿನೈದು ವರ್ಷ ಕಳೆಯುವ ಹೊತ್ತಿಗೆ ಅವನೂ ಮಧುರೆಯ ಸುಲ್ತಾನನ ಕೈಗೆ ಸಿಕ್ಕು ಅದೇ ಬಗೆಯಲ್ಲಿ ಕೊನೆಗಂಡ. ಬಲ್ಲಾಳ ದೊಡ್ಡ ದೊರೆ, ಅವನ ವಿವೇಕಕ್ಕೂ ಕಾರಣಗಳಿದ್ದವು. ಆದರೆ ವಿವೇಕದ ಮೇಲೆ ಯಾರೂ ರಾತ್ರಿಯಿಡೀ ಹಾಡುವ ಹಾಡು ಕಟ್ಟಲಿಲ್ಲ.

ವೀರನೊಬ್ಬ ಹೀಗೆ ಕತೆ, ಚರಿತ್ರೆ ಎಂಬ ಎರಡು ಮನೆಯಲ್ಲಿ ಬಾಳುವುದು ನಮ್ಮಲ್ಲಷ್ಟೇ ಅಲ್ಲ. ಥಾಯ್ಲೆಂಡಿನವರ ನರೇಸುವನ್ 1590ರಿಂದ 1605ರವರೆಗೆ ಅಯುತ್ಥಯವನ್ನು ಆಳಿದ ದೊರೆ. ಬಾಲ್ಯದಲ್ಲಿ ಬರ್ಮಾದ ಅರಸನ ಬಳಿ ಒತ್ತೆಯಾಳಾಗಿದ್ದಾಗ ಅಲ್ಲಿನ ರಾಜಕುಮಾರನ ಜೊತೆ ಕೋಳಿಯಂಕ ಆಡಿ ಗೆದ್ದನೆಂದು ಕತೆಯಿದೆ. ಅವನ ಗುಡಿಗಳಲ್ಲಿ ಇಂದಿಗೂ ಭಕ್ತರು ಹುಂಜದ ಬೊಂಬೆಗಳನ್ನು ತಂದು ಸಾಲಾಗಿ ನಿಲ್ಲಿಸುತ್ತಾರೆ. 1593ರಲ್ಲಿ ಅದೇ ರಾಜಕುಮಾರನನ್ನು ಆನೆಯ ಮೇಲಿನ ದ್ವಂದ್ವದಲ್ಲಿ ಕೊಂದನೆಂದು ಥಾಯಿ ಬಖೈರುಗಳು ಹೇಳುತ್ತವೆ. ಗುಂಡೇಟಿನಿಂದ ಸತ್ತನೆಂದು ಬರ್ಮಾದ ಬಖೈರುಗಳು ಹೇಳುತ್ತವೆ. ಅಲ್ಲಿ ಕೋಳಿ, ಇಲ್ಲಿ ಚೆಂಡು. ವೀರನ ಬಾಳಿಗೆ ಜನ ಒಂದು ಆಟದಿಂದಲೇ ಶುರುಹಚ್ಚುವುದು ಸೋಜಿಗ. ವ್ಯತ್ಯಾಸವೂ ದೊಡ್ಡದೇ. ನರೇಸುವನ್ ಗೆದ್ದ ರಾಜ, ಅವನ ಕತೆಯನ್ನು ಕಾಯಲು ರಾಜ್ಯವೇ ಇದೆ. ಕುಮಾರರಾಮ ಸೋತ ಮನೆಯ ಮಗ. ಅವನನ್ನು ಕಾದವರು ಬುಡ್ಗ ಜಂಗಮರು, ಗುಡ್ಡದ ಪೂಜಾರಿಗಳು, ಹೊಲದ ಕೆಲಸ ಮುಗಿಸಿ ರಾತ್ರಿ ಕತೆ ಕೇಳಲು ಕುಳಿತವರು.

ರಾಜ್ಯವೂ ಕೊನೆಗೆ ಬಂತು, ಆದರೆ ಬೇರೆಯವರದಾಗಿ. ಕಂಪಿಲನ ಬೊಕ್ಕಸದಲ್ಲಿದ್ದವರೆಂದು ಒಂದು ಪರಂಪರೆ ಹೇಳುವ ಹರಿಹರ ಬುಕ್ಕರು ಅದೇ ಹೊಳೆಯ ದಂಡೆಯಲ್ಲಿ 1336ರಲ್ಲಿ ಹೊಸ ಪಟ್ಟಣಕ್ಕೆ ಕೈಹಚ್ಚಿದರೆಂದು ನಂಬಿಕೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 16ನೆಯ ಶತಮಾನದಲ್ಲಿ ವಿಜಯನಗರದ ಕತೆ ಬರೆಯಲು ಕುಳಿತಾಗ ಶುರುಮಾಡಿದ್ದು ದಿಲ್ಲಿಯ ದಂಡು ಆನೆಗೊಂದಿಯ ಕಡೆ ಬಂದದ್ದರಿಂದ. ಎನ್. ವೆಂಕಟರಮಣಯ್ಯನವರು 1929ರಲ್ಲಿ ಕಂಪಿಲಿಯನ್ನೂ ವಿಜಯನಗರವನ್ನೂ ಒಂದೇ ಪುಸ್ತಕದಲ್ಲಿ ಜೋಡಿಸಿ ಬರೆದರು. ಹಂಪಿಯ ವೈಭವದ ತಳಪಾಯದಲ್ಲಿ ಕುಮ್ಮಟದ ಬೂದಿ ಇದೆಯೆಂಬುದು ಬಲ್ಲವರಿಗೆ ಹೊಸತಲ್ಲ.

ಈ ಕತೆಯ ಜಾಗಗಳನ್ನು ನೋಡಹೊರಟವರಿಗೆ ಟಿಕೆಟ್ ಕೌಂಟರು ಸಿಗುವುದಿಲ್ಲ. ಕುಮ್ಮಟ ಕೊಪ್ಪಳ ಜಿಲ್ಲೆಯ ಜಬ್ಬಲಗುಡ್ಡದ ಬಳಿ, ಗುಂಡುಕಲ್ಲುಗಳ ನಡುವೆ ಗೋಡೆ ಎಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಯಿತೆಂದು ತಿಳಿಯದ ಕೋಟೆ. ಅಲ್ಲಿ ಕುಮಾರರಾಮನ ಗುಡಿಯಿದೆ. ಹೊಸಮಲೆಯನ್ನು ವಿದ್ವಾಂಸರು ಸಂಡೂರು ಬೆಟ್ಟಸಾಲಿನ ರಾಮಗಡದಲ್ಲಿ ಗುರುತಿಸುತ್ತಾರೆ. ಅದೇ ಸಾಲಿನ ರಾಮನದುರ್ಗದ ಹೆಸರಿಗೂ ಸುತ್ತಲಿನ ಜನ ಇವನನ್ನೇ ಹೇಳುತ್ತಾರೆ. ಕಬ್ಬಿಣದ ಅದಿರಿಗಾಗಿ ಬಗೆದ ಕೆಂಪು ಗುಡ್ಡಗಳು, ಲಾರಿಗಳ ಕೆಂಧೂಳು, ಅದರ ನಡುವೆ ಮಳೆಗಾಲದಲ್ಲಿ ಥಟ್ಟನೆ ಹಸಿರಾಗುವ ಕಣಿವೆಗಳು. ಕಂಪ್ಲಿಯಲ್ಲಿ ಹೊಳೆದಂಡೆಯ ಕೋಟೆ, ಕಬ್ಬು, ಬಾಳೆ, ಭತ್ತ. ಮೂರೂ ಕಡೆ ನೆಲ ಉದಾರವಾಗಿದೆ, ಕುರುಹು ಜಿಪುಣವಾಗಿದೆ.

ಕುರುಹು ಉದಾರವಾಗಿ ಸಿಗುವುದು ಹಂಪಿಯಲ್ಲೇ, ಎಲ್ಲರೂ ಸೂರ್ಯಾಸ್ತ ನೋಡಲು ಹತ್ತುವ ಹೇಮಕೂಟದ ಮೇಲೆ. ವಿರೂಪಾಕ್ಷ ಗುಡಿಯ ಮಗ್ಗುಲಿನ ಆ ಬಂಡೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದ ಚಿಕ್ಕ ಗುಡಿಗಳಿವೆ. ಆ ಶಿಖರ ನೋಡಿ ಬಹಳ ಜನ ಬಸದಿಗಳೆಂದುಕೊಳ್ಳುತ್ತಾರೆ, ಅವು ಶಿವನ ಗುಡಿಗಳು. ವಿಜಯನಗರದ ಕುಣಿಯುವ ಕುದುರೆಗಳಾಗಲಿ ಸಂಗೀತದ ಕಂಬಗಳಾಗಲಿ ಇಲ್ಲಿಲ್ಲ. ನುಣುಪಾದ ಗೋಡೆ, ನಡುವೆ ಅಡ್ಡಲಾಗಿ ಓಡುವ ಒಂದು ಪಟ್ಟಿ, ಮೇಲೆ ಹಂತ ಹಂತವಾಗಿ ಕಿರಿದಾಗುವ ಕಲ್ಲು. ಕಡಿಮೆ ಮಾತಿನ ಮನುಷ್ಯ ಕಟ್ಟಿಸಿದಂತಿವೆ. ಅವುಗಳಲ್ಲಿ ಒಂದು ತ್ರಿಕೂಟ, ಮೂರು ಗರ್ಭಗುಡಿಗಳಿಗೆ ಒಂದೇ ಮಂಟಪ. ಕಟ್ಟಿಸಿದವನು ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವನೆಂದು ಶಾಸನ ಹೇಳುತ್ತದೆ. ಮೂರು ಲಿಂಗಗಳಲ್ಲಿ ಒಂದು ತಂದೆ ಸಿಂಗೆಯ ನಾಯಕನ ಹೆಸರಿನಲ್ಲಿ, ಒಂದು ತಾಯಿ ಮಾದನಾವೆಯ ಹೆಸರಿನಲ್ಲಿ, ಇನ್ನೊಂದು ಪೆರುಮೆಯ ನಾಯಕನ ಹೆಸರಿನಲ್ಲಿ.

ಹಾಡಿನ ಕಂಪಿಲ ಮಗನ ಮುಖ ಗುರುತಿಸದ ತಂದೆ. ಕಲ್ಲಿನ ಕಂಪಿಲ ತಂದೆತಾಯಿಯ ಹೆಸರನ್ನು ಮರೆಯದ ಮಗ. ಹಾಡು ಅವನಿಂದ ಕಸಿದುಕೊಂಡದ್ದರಲ್ಲಿ ಒಂದು ಪಾಲನ್ನು ಕಲ್ಲು ಮರಳಿ ಕೊಡುತ್ತದೆ. ಅದಕ್ಕೇ ಹೊಸಪೇಟೆಗೆ ಬಂದಿಳಿದವರಿಗೆ ನನ್ನದೊಂದು ಸಲಹೆ. ಹಂಪಿಗೆ ಹೊರಡುವ ಮೊದಲು ಕುಮಾರರಾಮನ ಕತೆಯನ್ನು ಯಾರ ಬಾಯಿಂದಲಾದರೂ ಕೇಳಿ, ಇಲ್ಲವೇ ಓದಿ. ಚೆಂಡು ಗೋಡೆ ಹಾರಿದಾಗ ಅಯ್ಯೋ ಎನ್ನಿ, ಮುದಿ ರಾಜನನ್ನು ಮನಸಾರೆ ಬೈಯಿರಿ, ಹಾಡುಗಾರರಿಗೆ ಬೇಕಾದದ್ದೂ ಅದೇ. ಆಮೇಲೆ ಹೇಮಕೂಟ ಹತ್ತಿ. ಮೊದಲೇ ಕಲ್ಲು ನೋಡಿ ಕತೆಗೆ ಹೋದವನು ಸಾಕ್ಷಿ ಹುಡುಕುತ್ತ ಕುಳಿತು ಹಾಡಿನ ರುಚಿ ಕೆಡಿಸಿಕೊಳ್ಳುತ್ತಾನೆ. ಕತೆ ಕೇಳಿ ಹತ್ತಿದವನಿಗಾದರೋ ಬೈದ ಬಾಯಿಂದಲೇ ಕಂಪಿಲನಿಗೆ ಒಂದು ನಮಸ್ಕಾರ ಹೇಳುವ ಅವಕಾಶ ಸಿಗುತ್ತದೆ.